ಲ್ಯೆವತಾಪ್ಸ್: ಬಿರಡೆ ಕೀಳುವ ಸಾಧನದ ಹೆಸರು ಹುಟ್ಟಿದ ಬಗೆ

ವೈನ್ ಬಾಟಲಿಯ ಕತ್ತಿನಲ್ಲಿ ಬಿಗಿಯಾಗಿ ಕೂತ ಬಿರಡೆಯನ್ನು ಕೀಳಲು ಒಂದು ಸಣ್ಣ ಸಾಧನ ಇದೆ. ಮೊನಚಾದ ಸುರುಳಿ ಕಂಬಿ, ಮೇಲೊಂದು ಹಿಡಿ. ತಿರುಗಿಸುತ್ತಾ ಒಳಗಿಳಿಸಬೇಕು, ಆಮೇಲೆ ಎಳೆಯಬೇಕು. ನಾವು ಇದನ್ನು ಇಂಗ್ಲಿಷಿನ ಹೆಸರಿನಲ್ಲೇ ಕಾರ್ಕ್‌ಸ್ಕ್ರೂ ಎನ್ನುತ್ತೇವೆ. ಕ್ಯಾಟಲನ್ ಭಾಷೆಯಲ್ಲಿ ಇದರ ಹೆಸರು ಲ್ಯೆವತಾಪ್ಸ್.

ಕ್ಯಾಟಲನ್ ಅಂದರೆ ಬಾರ್ಸಿಲೋನಾ ಸುತ್ತಲಿನ ಕ್ಯಾಟಲೋನಿಯಾ, ಅದರ ದಕ್ಷಿಣದ ವಲೆನ್ಸಿಯಾ, ಮಯೋರ್ಕಾದಂಥ ದ್ವೀಪಗಳು, ಬೆಟ್ಟಗಳ ನಡುವಿನ ಪುಟ್ಟ ದೇಶ ಅಂದೋರಾ, ಇಲ್ಲೆಲ್ಲ ಆಡುವ ಭಾಷೆ. ಸ್ಪ್ಯಾನಿಷಿನ ಒಂದು ಬಗೆ ಅಂತ ಕೆಲವರು ತಿಳಿದಿದ್ದಾರೆ. ಹಾಗಲ್ಲ. ಅದೂ ಲ್ಯಾಟಿನ್ನಿಂದಲೇ ಹುಟ್ಟಿದ್ದು, ಆದರೆ ಬೇರೆಯೇ ಭಾಷೆ. ಈ ಒಂದು ಪದದಲ್ಲೇ ಆ ಬೇರೆತನ ಕಾಣುತ್ತದೆ.

ಪದವನ್ನು ಬಿಡಿಸುವುದು ಸುಲಭ. ಲ್ಯೆವ ಎಂದರೆ ತೆಗೆಯುತ್ತದೆ. ತಾಪ್ಸ್ ಎಂದರೆ ಬಿರಡೆಗಳು. ಬಿರಡೆಗಳನ್ನು ತೆಗೆಯುತ್ತದೆ, ಅಷ್ಟೇ. ಬಹಳ ಜನ ಪದದ ಮೂಲ ತಿಳಿಯಿತು ಅಂತ ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ನನ್ನ ಪ್ರಕಾರ ನಿಜವಾದ ಪ್ರಶ್ನೆಗಳು ಇಲ್ಲಿಂದಲೇ ಶುರು. ಈ ಎರಡು ತುಂಡುಗಳು ಒಂದೇ ಕಡೆಯಿಂದ ಬಂದವಾ? ಇವು ಯಾವ ನಿಯಮದ ಮೇಲೆ ಅಂಟಿಕೊಂಡವು? ಅದರಲ್ಲೂ ಜಾಸ್ತಿ ಕಥೆ ಇರುವುದು ಬೆಸುಗೆಯಲ್ಲಿ. ಅದನ್ನೇ ಮೊದಲು ನೋಡೋಣ.

ನಮ್ಮ ಅಡುಗೆಮನೆಯ ಹಳೆಯ ಹೆಸರುಗಳನ್ನು ನೆನಪಿಸಿಕೊಳ್ಳಿ. ಬೀಸುಕಲ್ಲು, ಊದುಗೊಳವೆ, ಕಡೆಗೋಲು, ತುರಿಮಣೆ. ಮೊದಲು ಕೆಲಸ ಬರುತ್ತದೆ, ಆಮೇಲೆ ವಸ್ತು. ಬೀಸುಕಲ್ಲು ನಿಜಕ್ಕೂ ಒಂದು ಕಲ್ಲು, ಊದುಗೊಳವೆ ನಿಜಕ್ಕೂ ಒಂದು ಕೊಳವೆ. ಅಂದರೆ ಸಾಧನ ಏನು ಅನ್ನುವುದು ಹೆಸರಿನ ಎರಡನೇ ಭಾಗದಲ್ಲೇ ಇದೆ. ಶಾಲೆಯಲ್ಲಿ ಗಮಕ ಸಮಾಸ ಅಂತ ಕಲಿತೆವಲ್ಲ, ಸುಡುಗಾಡು, ಉಡುದಾರ, ಅದೇ ಜಾತಿ.

ಲ್ಯೆವತಾಪ್ಸ್ ಕೂಡ ಮೇಲ್ನೋಟಕ್ಕೆ ಹೀಗೇ ಇದೆ. ಮೊದಲು ಕೆಲಸ, ಆಮೇಲೆ ನಾಮಪದ. ಆದರೆ ಅರ್ಥ ಪೂರ್ತಿ ಬೇರೆ ದಾರಿ ಹಿಡಿಯುತ್ತದೆ. ಈ ಸಾಧನ ಬಿರಡೆ ಅಲ್ಲ. ಬಿರಡೆ ಎನ್ನುವುದು ಈ ಸಾಧನದ ಕೈಗೆ ಸಿಕ್ಕುವ ವಸ್ತು, ವ್ಯಾಕರಣದ ಮಾತಿನಲ್ಲಿ ಕರ್ಮ. ಹಾಗಾದರೆ ಸಾಧನ ಎಲ್ಲಿದೆ? ಹೆಸರಿನಲ್ಲಿ ಎಲ್ಲೂ ಇಲ್ಲ. ಕಂಬಿ ಅಂತಿಲ್ಲ, ಕೋಲು ಅಂತಿಲ್ಲ. ಯಾವುದು ಬಿರಡೆ ತೆಗೆಯುತ್ತದೋ ಅದು ಅಂತ ನಾವೇ ತುಂಬಿಕೊಳ್ಳಬೇಕು. ಮುಕ್ಕಣ್ಣ ಎಂದಾಗ ಮೂರನ್ನೂ ಕಣ್ಣನ್ನೂ ದಾಟಿ ಶಿವನನ್ನು ತಲುಪುತ್ತೇವಲ್ಲ, ಹಾಗೆ. ಬಹುವ್ರೀಹಿಯನ್ನು ಓದಿದ ಕನ್ನಡಿಗರಿಗೆ ಈ ಅನ್ಯಪದದ ಲೆಕ್ಕ ಹೊಸದಲ್ಲ.

ಕನ್ನಡದಲ್ಲಿ ಕರ್ಮವನ್ನೂ ಕ್ರಿಯೆಯನ್ನೂ ಸೇರಿಸಿ ಹೆಸರು ಮಾಡಬೇಕಾದರೆ ಏನು ಮಾಡುತ್ತೇವೆ? ಮರಕುಟಿಗ ಹಕ್ಕಿಯನ್ನೇ ನೋಡಿ. ಮರ, ಕುಟ್ಟು, ಇಗ. ಕರ್ಮ ಮೊದಲು, ಕ್ರಿಯೆ ಆಮೇಲೆ, ಕೊನೆಗೆ ಮಾಡುವವನನ್ನು ತೋರಿಸುವ ಒಂದು ಪ್ರತ್ಯಯ. ಕ್ಯಾಟಲನ್ ಇದನ್ನು ತಿರುಗಿಸಿ ಹಾಕುತ್ತದೆ. ಕ್ರಿಯೆ ಮೊದಲು, ಕರ್ಮ ಆಮೇಲೆ, ಪ್ರತ್ಯಯವೇ ಇಲ್ಲ. ಅವರ ವಾಕ್ಯದಲ್ಲೂ ಕ್ರಿಯಾಪದ ಕರ್ಮಕ್ಕಿಂತ ಮುಂದೆ ಬರುತ್ತದೆ. ಹಾಗಾಗಿ ಲ್ಯೆವತಾಪ್ಸ್ ಎಂಬುದು ಕರ್ತೃ ಇಲ್ಲದ ಒಂದು ಪುಟ್ಟ ವಾಕ್ಯವೇ ಸರಿ.

ಈ ಅಚ್ಚಿನಲ್ಲಿ ಎರಕ ಹೊಯ್ದ ಮನೆ ಸಾಮಾನುಗಳು ಕ್ಯಾಟಲನ್ನಿನಲ್ಲಿ ಲೆಕ್ಕವಿಲ್ಲದಷ್ಟು. ಡಬ್ಬಿ ತೆರೆಯುವುದು ಒಬ್ರೆಲ್ಯಾವ್ನೆಸ್. ಅಕ್ರೋಟು ಒಡೆಯುವ ಇಕ್ಕಳ ತ್ರೆಂಕನೋವ್ಸ್. ಹಲ್ಲುಕಡ್ಡಿಗೆ ಎಸ್ಕುರದೆಂತ್ಸ್, ಅಂದರೆ ಹಲ್ಲು ಚೊಕ್ಕ ಮಾಡುವುದು. ಪಾತ್ರೆ ತೊಳೆಯುವ ಯಂತ್ರ ರೆಂತಪ್ಲಾತ್ಸ್. ಕೊಡೆಗೆ ಪರಾಯ್ಗ್ವ, ನೀರು ತಡೆಯುವುದು. ಇವುಗಳಲ್ಲಿ ಬಹುಪಾಲು ಪದಗಳ ಎರಡನೇ ಭಾಗ ಬಹುವಚನ. ಡಬ್ಬಿಗಳು, ಹಲ್ಲುಗಳು, ತಟ್ಟೆಗಳು. ಕಾರಣ ಇದೆ. ಸಾಧನ ಒಂದು ಸಲದ ಕೆಲಸಕ್ಕಲ್ಲ, ಎಷ್ಟು ಬಿರಡೆ ಬಂದರೂ ಅದೇ ಕೀಳಬೇಕು. ಆದರೆ ಒಳಗೆ ಬಹುವಚನ ಇದ್ದರೂ ಇಡೀ ಪದ ಏಕವಚನವೇ. ಎಲ್ ಲ್ಯೆವತಾಪ್ಸ್ ಎಂದರೆ ಒಂದು, ಎಲ್ಸ್ ಲ್ಯೆವತಾಪ್ಸ್ ಎಂದರೆ ಹಲವು. ಪದ ಬದಲಾಗುವುದಿಲ್ಲ, ಮುಂದಿನ ಚಿಕ್ಕ ಗುರುತು ಮಾತ್ರ ಬದಲಾಗುತ್ತದೆ.

ಲ್ಯಾಟಿನ್ನಿನ ಮಕ್ಕಳಾದ ಭಾಷೆಗಳಲ್ಲೆಲ್ಲ ಈ ಅಚ್ಚು ಹೀಗೆ ಓಡಾಡುತ್ತಿದ್ದರೂ ತಾಯಿ ಲ್ಯಾಟಿನ್ನಿನಲ್ಲಿ ಇದು ಹೆಚ್ಚುಕಡಿಮೆ ಇರಲೇ ಇಲ್ಲ. ಲ್ಯಾಟಿನ್ ನಮ್ಮ ಹಾಗೆ ಕ್ರಿಯೆಯನ್ನು ಹಿಂದೆ ಇಡುತ್ತಿತ್ತು. ಬಾವುಟ ಹೊರುವವನು ಸಿಗ್ನಿಫೆರ್. ಸಿಗ್ನಿ ಬಾವುಟ, ಫೆರ್ ಹೊರು. ಹೊಲ ಉಳುವವನು ಅಗ್ರಿಕೊಲ. ಸಂಸ್ಕೃತದ ಕುಂಭಕಾರ, ದ್ವಾರಪಾಲದ ಸಾಲಿನಲ್ಲೇ ಇವು ಕೂರುತ್ತವೆ. ಮುಂದೆ ಮಧ್ಯಯುಗದಲ್ಲಿ ಆಡುಮಾತು ಬದಲಾಗಿ, ವಾಕ್ಯದಲ್ಲಿ ಕ್ರಿಯಾಪದ ಮುಂದಕ್ಕೆ ಸರಿಯಿತು. ಸಮಾಸದೊಳಗೂ ಅದು ಮುಂದಕ್ಕೆ ಬಂತು.

ಇಲ್ಲಿ ಪಂಡಿತರ ನಡುವೆ ಒಂದು ಹಳೆಯ ಜಗಳ ಇದೆ. ಲ್ಯೆವ ಎಂದರೆ ತೆಗೆಯುತ್ತದೆ ಅಂತಲೂ ಆಗುತ್ತದೆ, ತೆಗೆ ಎಂಬ ಅಪ್ಪಣೆಯೂ ಆಗುತ್ತದೆ. ಕ್ಯಾಟಲನ್ನಿನಲ್ಲಿ ಎರಡಕ್ಕೂ ರೂಪ ಒಂದೇ. ಯಾವುದು ಮೂಲ? ಇಟಾಲಿಯನ್ ಒಂದು ಸುಳಿವು ಕೊಡುತ್ತದೆ. ಅಲ್ಲಿ ಡಬ್ಬಿ ತೆರೆಯುವ ಸಾಧನಕ್ಕೆ ಆಪ್ರಿಸ್ಕಾತೊಲೆ ಎನ್ನುತ್ತಾರೆ. ಆಪ್ರಿ ಎಂದರೆ ತೆರೆ ಎಂಬ ಅಪ್ಪಣೆ. ತೆರೆಯುತ್ತಾನೆ ಎನ್ನಲು ಆಪ್ರೆ ಆಗಬೇಕಿತ್ತು. ಹಾಗಾಗಿ ಇವೆಲ್ಲ ಮೊದಲು ಅಪ್ಪಣೆಗಳಾಗಿದ್ದವು ಅನ್ನುವವರ ಕೈ ಸ್ವಲ್ಪ ಮೇಲು. ಇಲ್ಲ, ಇದು ಬರೀ ಧಾತು, ಅಪ್ಪಣೆಯೂ ಅಲ್ಲ ಏನೂ ಅಲ್ಲ ಅನ್ನುವವರೂ ಇದ್ದಾರೆ. ನನಗೆ ಅಪ್ಪಣೆಯ ವಾದವೇ ಹಿಡಿಸುತ್ತದೆ. ಕೈಯಲ್ಲಿ ಸಾಧನ ಹಿಡಿದು ಬಿರಡೆ ಕೀಳು ಅನ್ನುವ ಮಾತೇ ಆ ಸಾಧನದ ಹೆಸರಾಗಿ ನಿಂತಿತು ಅಂದುಕೊಂಡರೆ ತುಂಬಾ ಸಹಜವಾಗಿ ಕಾಣುತ್ತದೆ.

ಈಗ ತುಂಡುಗಳಿಗೆ ಬರೋಣ. ಲ್ಯೆವ ಬಂದದ್ದು ಲ್ಯಾಟಿನ್ನಿನ ಲೆವಾರೆ ಎಂಬ ಕ್ರಿಯಾಪದದಿಂದ. ಮೊದಲ ಅಕ್ಷರವನ್ನು ಗಮನಿಸಿ. ಲ್ಯಾಟಿನ್ನಿನಲ್ಲಿ ಲ ಇದ್ದದ್ದು ಕ್ಯಾಟಲನ್ನಿನಲ್ಲಿ ಲ್ಯ ಆಗಿದೆ. ಬರೆಯುವಾಗ ಎಲ್ ಅಕ್ಷರವನ್ನು ಎರಡು ಸಲ ಬರೆಯುತ್ತಾರೆ, ನುಡಿಯುವಾಗ ನಾಲಿಗೆಯ ನಡುಭಾಗ ಅಂಗುಳಕ್ಕೆ ಒತ್ತುತ್ತದೆ. ಇದು ಈ ಒಂದು ಪದದ ಸಂಗತಿ ಅಲ್ಲ. ಲ್ಯಾಟಿನ್ನಿನ ಲೂನ, ಅಂದರೆ ಚಂದ್ರ, ಕ್ಯಾಟಲನ್ನಿನಲ್ಲಿ ಲ್ಯೂನ. ಲಿಂಗ್ವ, ನಾಲಿಗೆ ಮತ್ತು ಭಾಷೆ, ಅಲ್ಲಿ ಲ್ಯೆಂಗ್ವ. ಪುಸ್ತಕ ಲ್ಯೀಬ್ರೆ. ಪಕ್ಕದ ಸ್ಪ್ಯಾನಿಷಿನಲ್ಲಿ ಇವೇ ಪದಗಳು ಲೂನ, ಲೆಂಗ್ವ, ಲೀಬ್ರೋ ಆಗಿ ಲಕಾರವನ್ನೇ ಉಳಿಸಿಕೊಂಡಿವೆ. ಒಂದು ಪದ ಕ್ಯಾಟಲನ್ನಿನ ಹಳೆಯ ಸ್ವತ್ತೋ, ಆಮೇಲೆ ಎಲ್ಲಿಂದಲೋ ತಂದದ್ದೋ ಎಂದು ತಿಳಿಯಲು ಇಂಥ ಧ್ವನಿ ಬದಲಾವಣೆಗಳೇ ಆಧಾರ.

ಲೆವಾರೆಯ ಹಿಂದೆ ಇನ್ನೊಂದು ಪದ ಇದೆ: ಲೆವಿಸ್, ಅಂದರೆ ಹಗುರ. ಹಗುರ ಮಾಡುವುದು, ಆಮೇಲೆ ಎತ್ತುವುದು, ಆಮೇಲೆ ಎತ್ತಿ ತೆಗೆಯುವುದು. ಅರ್ಥ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ನಡೆದಿದೆ. ಹೊರೆ ಇಳಿಸಿದರೆ ಹಗುರ, ಹಗುರವಾದದ್ದು ಮೇಲೇಳುತ್ತದೆ, ಮೇಲೆದ್ದದ್ದು ಇದ್ದ ಜಾಗ ಬಿಡುತ್ತದೆ. ಒಂದು ಸಂತೋಷದ ವಿಷಯ ಹೇಳಬೇಕು. ಈ ಲೆವಿಸ್ ಮತ್ತು ಸಂಸ್ಕೃತದಿಂದ ನಾವು ಪಡೆದ ಲಘು, ಎರಡೂ ಒಂದೇ ಇಂಡೋ-ಯುರೋಪಿಯನ್ ಮೂಲದ ಕವಲುಗಳು. ಲಘು ಉಪಾಹಾರ ಅಂತ ಹೋಟೆಲಿನ ಬೋರ್ಡಿನಲ್ಲಿ ಓದುವಾಗಲೂ, ಬಾರ್ಸಿಲೋನಾದ ಊಟದ ಮೇಜಿನ ಮೇಲೆ ಲ್ಯೆವತಾಪ್ಸ್ ಹುಡುಕುವಾಗಲೂ ಅದೇ ಹಳೆಯ ಬೇರು. ಇದು ಸುಮ್ನೆ ಸದ್ದಿನ ಹೋಲಿಕೆ ನೋಡಿ ಹೇಳುವ ಮಾತಲ್ಲ, ಧ್ವನಿ ನಿಯಮಗಳಿಗೆ ಸರಿಯಾಗಿ ಹೊಂದುವ ನಂಟು.

ಲೆವಾರೆಯ ಮನೆತನ ಕ್ಯಾಟಲನ್ನಿನಲ್ಲಿ ದೊಡ್ಡದು. ಹಿಟ್ಟನ್ನು ಉಬ್ಬಿಸುವ ಹುಳಿ, ಅಂದರೆ ಯೀಸ್ಟ್, ಲ್ಯೆವಾತ್. ಸೂರ್ಯ ಏಳುವ ದಿಕ್ಕು ಲ್ಯೆವಾಂತ್. ಸೂಲಗಿತ್ತಿ ಲ್ಯೆವದೋರ, ಮಗುವನ್ನು ಎತ್ತಿಕೊಳ್ಳುವವಳು. ಬೆಳಿಗ್ಗೆ ಹಾಸಿಗೆಯಿಂದ ಏಳುವುದಕ್ಕೂ ಇದೇ ಕ್ರಿಯಾಪದ. ಬಾರ್ಸಿಲೋನಾ ಕಡೆಯ ದಿನನಿತ್ಯದ ಮಾತಿನಲ್ಲಿ ಈ ಕ್ರಿಯಾಪದ ಜಾಸ್ತಿ ಕೇಳುವುದು ಹಾಸಿಗೆ ಬಿಟ್ಟು ಏಳುವ ಅರ್ಥದಲ್ಲೇ. ಏನನ್ನಾದರೂ ತೆಗೆಯುವುದಕ್ಕೆ ಅಲ್ಲಿ ಸಾಮಾನ್ಯವಾಗಿ ಬೇರೆ ಕ್ರಿಯಾಪದ ಬಳಸುತ್ತಾರೆ. ವಲೆನ್ಸಿಯಾದಲ್ಲಿ, ಮಯೋರ್ಕಾದಲ್ಲಿ ತೆಗೆ ಎಂಬ ಅರ್ಥ ಇನ್ನೂ ಜೀವಂತ. ಅಂದರೆ ಬಾರ್ಸಿಲೋನಾದವರ ಬಾಯಲ್ಲಿ ಹಿಂದೆ ಸರಿದ ಅರ್ಥವೊಂದನ್ನು ಈ ಅಡುಗೆಮನೆ ಸಾಧನ ತನ್ನ ಹೆಸರಿನಲ್ಲಿ ಕಾಪಾಡಿಕೊಂಡಿದೆ. ಸಮಾಸ ಪದಗಳಲ್ಲಿ ಹೀಗೆ ಆಗುತ್ತಲೇ ಇರುತ್ತದೆ. ಬಿಡಿ ಪದ ಬಳಕೆ ತಪ್ಪಿದರೂ ಜೋಡಿಯಲ್ಲಿ ಸಿಕ್ಕಿಕೊಂಡದ್ದು ಉಳಿಯುತ್ತದೆ.

ಸ್ಪ್ಯಾನಿಷ್ ಬಲ್ಲವರು ಇಲ್ಲಿ ಜಾರುತ್ತಾರೆ. ಸ್ಪ್ಯಾನಿಷಿನಲ್ಲೂ ಇದೇ ಕಾಗುಣಿತದ ಕ್ರಿಯಾಪದ ಇದೆ, ಅದೂ ಲೆವಾರೆಯಿಂದಲೇ ಬಂದದ್ದು. ಆದರೆ ಅಲ್ಲಿ ಅದರ ಅರ್ಥ ಒಯ್ಯುವುದು, ತೊಡುವುದು. ಎತ್ತುವುದರಿಂದ ಕ್ಯಾಟಲನ್ ತೆಗೆಯುವ ಕಡೆ ಹೋಯಿತು, ಸ್ಪ್ಯಾನಿಷ್ ಎತ್ತಿಕೊಂಡು ಹೋಗುವ ಕಡೆ ಹೋಯಿತು. ಸ್ಪ್ಯಾನಿಷ್ ಕಿವಿಯಲ್ಲಿ ಲ್ಯೆವತಾಪ್ಸ್ ಕೇಳಿದರೆ ಬಿರಡೆ ಹೊರುವ ಪೆಟ್ಟಿಗೆಯೋ ಏನೋ ಅನಿಸಬೇಕು.

ಎರಡನೇ ತುಂಡು ತಾಪ್. ಇದು ಲ್ಯಾಟಿನ್ ಅಲ್ಲವೇ ಅಲ್ಲ. ಇದು ಜರ್ಮಾನಿಕ್ ಮೂಲದ್ದು, ಅಂದರೆ ಜರ್ಮನ್, ಇಂಗ್ಲಿಷ್ ಸೇರಿದ ಭಾಷಾ ಕುಟುಂಬದ್ದು, ಅದೇ ಕುಟುಂಬದ ಗಾಥ್ ಜನರ ಭಾಷೆಯ ತಾಪ್ಪ ಎಂಬ ಪದದಿಂದ ಬಂದದ್ದು ಅಂತ ಹೆಚ್ಚಾಗಿ ಒಪ್ಪುತ್ತಾರೆ. ರೋಮ್ ಸಾಮ್ರಾಜ್ಯ ಕುಸಿಯುತ್ತಿದ್ದಾಗ ಪಶ್ಚಿಮದ ಗಾಥರು ಈ ಪ್ರದೇಶಕ್ಕೆ ಬಂದರು. ಅವರ ರಾಜ ಅತೌಲ್ಫ್ 415ರಲ್ಲಿ ಕೊಲೆಯಾದದ್ದು ಬಾರ್ಸಿಲೋನಾದಲ್ಲೇ. 711ರಲ್ಲಿ ಅರಬರು ಬರುವವರೆಗೂ ಐಬೀರಿಯಾ, ಅಂದರೆ ಇಂದಿನ ಸ್ಪೇನ್, ಪೋರ್ಚುಗಲ್ ಇರುವ ನೆಲ, ಗಾಥರ ಕೈಯಲ್ಲಿತ್ತು. ಅವರು ಆಡಳಿತ ಮಾಡಿದರೂ ಜನ ಲ್ಯಾಟಿನ್ ಬಿಡಲಿಲ್ಲ. ಕೊನೆಗೆ ಅವರೇ ಲ್ಯಾಟಿನ್ನಿಗೆ ಬಂದರು. ಆದರೆ ಕೆಲವು ಪದಗಳು ಉಳಿದವು.

ನಿಘಂಟಿನಲ್ಲಿ ಈ ತಾಪ್ಪ ಪದದ ತಲೆಯ ಮೇಲೆ ಒಂದು ನಕ್ಷತ್ರದ ಗುರುತು ಇರುತ್ತದೆ. ಎಲ್ಲೂ ಬರಹದಲ್ಲಿ ಸಿಕ್ಕಿಲ್ಲ, ಹೋಲಿಸಿ ಕಟ್ಟಿಕೊಂಡ ರೂಪ ಅಂತ ಅದರ ಅರ್ಥ. ಗಾಥಿಕ್ ಭಾಷೆಯಲ್ಲಿ ನಮಗೆ ಉಳಿದಿರುವುದು ಮುಖ್ಯವಾಗಿ 4ನೇ ಶತಮಾನದಲ್ಲಿ ಬಿಷಪ್ ವುಲ್ಫಿಲಾ ಮಾಡಿದ ಬೈಬಲ್ ಅನುವಾದದ ಭಾಗಗಳು. ಅಲ್ಲಿ ಪೀಪಾಯಿಯ ಬಿರಡೆಗೆ ಏನು ಕೆಲಸ? ಹಾಗಾಗಿ ಅಕ್ಕಪಕ್ಕದ ಭಾಷೆಗಳನ್ನು ಕೂರಿಸಿಕೊಂಡು ನೋಡಬೇಕು. ಜರ್ಮನ್ನಿನಲ್ಲಿ ತ್ಸಾಪ್‌ಫೆನ್ ಎಂದರೆ ಬಿರಡೆ. ಇಟಾಲಿಯನ್ನಿನಲ್ಲಿ ತಾಪ್ಪೊ. ಸ್ಪ್ಯಾನಿಷಿನಲ್ಲಿ ಮುಚ್ಚಳಕ್ಕೆ ತಾಪ. ಹಳೆಯ ಇಂಗ್ಲಿಷಿನಲ್ಲೂ ಇದರ ನಂಟಿನ ಪದ ಇತ್ತು, ಪೀಪಾಯಿಯ ತೂತಿಗೆ ಬಡಿಯುವ ಮರದ ಗೂಟಕ್ಕೆ. ಗೂಟ ಸಡಿಲಿಸಿದರೆ ಮದ್ಯ ಹರಿಯುತ್ತದೆ, ಬಿಗಿದರೆ ನಿಲ್ಲುತ್ತದೆ. ಕಾಲ ಕಳೆದಂತೆ ಆ ಗೂಟದ ಹೆಸರು ನೀರು ಬಿಡುವ, ನಿಲ್ಲಿಸುವ ಸಾಧನದ ಹೆಸರಾಯಿತು. ಅದೇ ನಮ್ಮ ಮನೆಯ ನಲ್ಲಿಯ ಟ್ಯಾಪ್. ಟ್ಯಾಪ್ ನಿಲ್ಲಿಸು ಅಂತ ದಿನಾ ಕೂಗುತ್ತೇವಲ್ಲ, ಆ ಟ್ಯಾಪಿಗೂ ಕ್ಯಾಟಲನ್ನಿನ ತಾಪಿಗೂ ಅಜ್ಜಿ ಒಬ್ಬಳೇ.

ಹೀಗೆ ರೋಮನ್ನರ ಕ್ರಿಯೆ, ಜರ್ಮಾನಿಕ್ ಜನರ ನಾಮಪದ, ಇಬ್ಬರಲ್ಲೂ ಇರದ ಒಂದು ಹೊಸ ಬೆಸುಗೆ. ಈ ಮೂರೂ ಸೇರಿದ್ದು ಯಾವಾಗ? ಸಾಧನಕ್ಕಿಂತ ಅದರ ಹೆಸರು ಹಳೆಯದಾಗಲು ಸಾಧ್ಯವಿಲ್ಲ. ಗಾಜಿನ ಬಾಟಲಿಯ ಕತ್ತಿನೊಳಗೆ ಪೂರ್ತಿ ಇಳಿಯುವ ಬೆಂಡಿನ, ಅಂದರೆ ಕಾರ್ಕಿನ, ಬಿರಡೆ ಬಳಕೆಗೆ ಬಂದದ್ದು 17ನೇ ಶತಮಾನದಲ್ಲಿ. ಬಿರಡೆ ಪೂರ್ತಿ ಒಳಗಿಳಿದರೆ ಮಾತ್ರ ಸುರುಳಿ ಕಂಬಿ ಬೇಕಾಗುತ್ತದೆ, ಅಲ್ವಾ? ಅದಕ್ಕೆ ಮೊದಲು ಬಿರಡೆ ಅರ್ಧ ಹೊರಗೇ ಇರುತ್ತಿತ್ತು, ಕೈಯಲ್ಲೇ ಕೀಳುತ್ತಿದ್ದರು. ಬಾಟಲಿಯಿಂದ ಬಿರಡೆ ಎಳೆಯುವ ಉಕ್ಕಿನ ಸುರುಳಿಯ ಪ್ರಸ್ತಾಪ 1681ರ ಒಂದು ಇಂಗ್ಲಿಷ್ ಬರಹದಲ್ಲಿ ಸಿಗುತ್ತದೆ. ಬಂದೂಕಿನ ನಳಿಗೆಯಲ್ಲಿ ಸಿಕ್ಕಿಕೊಂಡ ಗುಂಡು, ಬಟ್ಟೆ ತೆಗೆಯಲು ಸಿಪಾಯಿಗಳು ಬಳಸುತ್ತಿದ್ದ ಸುರುಳಿಯಿಂದ ಇದು ಬಂತು ಎನ್ನುತ್ತಾರೆ. ಈ ಸಾಧನಕ್ಕೆ ಮೊದಲ ಪೇಟೆಂಟ್ ಪಡೆದವರು ಇಂಗ್ಲೆಂಡಿನ ಪಾದ್ರಿ ಸ್ಯಾಮ್ಯುಯೆಲ್ ಹೆನ್‌ಶಾಲ್, 1795ರಲ್ಲಿ.

ಕ್ಯಾಟಲೋನಿಯಾದಲ್ಲಿ ಬಿರಡೆ ಎಂದರೆ ಬರೀ ಬಾಟಲಿಯ ಮುಚ್ಚಳ ಅಲ್ಲ, ಹಲವು ಊರುಗಳ ಅನ್ನ. ಈಶಾನ್ಯದ ಎಂಪೊರ್ದಾ ಪ್ರದೇಶದ ಗುಡ್ಡಗಳಲ್ಲಿ ಬೆಂಡಿನ ಓಕ್ ಮರಗಳು ಬೆಳೆಯುತ್ತವೆ. ಬೇಸಿಗೆಯಲ್ಲಿ ಕೊಡಲಿಯಿಂದ ಅದರ ತೊಗಟೆಯನ್ನು ಹಾಳೆ ಹಾಳೆಯಾಗಿ ಬಿಡಿಸುತ್ತಾರೆ. ಮರಕ್ಕೆ ಪೆಟ್ಟಾಗದಂತೆ, ಒಳಪದರ ಹರಿಯದಂತೆ ಬಿಡಿಸುವುದರಲ್ಲೇ ಕೈಚಳಕ ಇರುವುದು. ಮತ್ತೆ ತೊಗಟೆ ದಪ್ಪಗಾಗಲು ಅಲ್ಲಿ ಸುಮಾರು 12ರಿಂದ 14 ವರ್ಷ ಬೇಕು. ಮೊದಲ ಸಲ ಬಿಡಿಸಿದ ತೊಗಟೆ ಒರಟು, ಬಿರುಕು ಬಿರುಕು, ಬಿರಡೆಗೆ ಬರುವುದಿಲ್ಲ. ಅದನ್ನು ಅವರು ಪೆಲೆಗ್ರೀ ಎಂದು ಕರೆಯುತ್ತಾರೆ. ಯಾತ್ರಿಕನಿಗೂ ಅದೇ ಪದ. 18ನೇ ಶತಮಾನದಲ್ಲಿ ಪಲಫ್ರುಜೆಲ್, ಸಾಂತ್ ಫೆಲಿಯು ದೆ ಗೀಶೋಲ್ಸ್ ಮುಂತಾದ ಊರುಗಳಲ್ಲಿ ಬಿರಡೆ ಕೊರೆಯುವ ಕಸುಬು ಬೇರೂರಿತು. ಆ ಕಸುಬಿನವನಿಗೆ ತಪೇ ಎನ್ನುತ್ತಾರೆ, ತಾಪ್ ಮಾಡುವವನು. ಪಲಫ್ರುಜೆಲ್‌ನಲ್ಲಿ ಈಗ ಬೆಂಡಿಗೇ ಮೀಸಲಾದ ಒಂದು ಮ್ಯೂಸಿಯಂ ಇದೆ.

ಈ ಹಿನ್ನೆಲೆ ಇಲ್ಲದೆ ಲ್ಯೆವತಾಪ್ಸಿನ ಎದುರಾಳಿ ಪದದ ಕಥೆ ಅರ್ಥವಾಗುವುದಿಲ್ಲ. ಅದೇ ಸಾಧನಕ್ಕೆ ಕ್ಯಾಟಲನ್ನಿನಲ್ಲಿ ಇನ್ನೊಂದು ಹೆಸರು ತಿರಬುಶೋ. ಇದು ಫ್ರೆಂಚಿನ ತೀರ್-ಬುಶೋಂ ಎಂಬುದರ ಕ್ಯಾಟಲನ್ ರೂಪ. ತೀರ್ ಎಳೆ, ಬುಶೋಂ ಬಿರಡೆ. ಬುಶೋಂ ಪದಕ್ಕೆ ಬಾಯಿ ಎಂಬ ಅರ್ಥದ ಫ್ರೆಂಚ್ ಪದ ಬೂಶ್ ಮೂಲ ಅಂತ ಯಾರಿಗಾದರೂ ಅನಿಸುತ್ತದೆ. ಬಾಟಲಿಯ ಬಾಯಿ ಮುಚ್ಚುತ್ತದಲ್ಲ! ಆದರೆ ಅದು ನಿಜವಲ್ಲ. ಹಳೆಯ ಫ್ರೆಂಚಿನಲ್ಲಿ ಹುಲ್ಲಿನ ಸಿವುಡಿಗೆ, ಹಿಡಿಹುಲ್ಲಿಗೆ ಇದ್ದ ಪದವೇ ಮೂಲ. ತೂತಿಗೆ ಹುಲ್ಲಿನ ಮುದ್ದೆ ತುರುಕಿ ಮುಚ್ಚುತ್ತಿದ್ದ ಕಾಲದ ನೆನಪು ಅದು. ಎಲ್ಲಕ್ಕಿಂತ ಹೊಂದಿಕೆಯಾಗುವಂತೆ ಕಾಣುವ ಮೂಲವೇ ಎಷ್ಟೋ ಸಲ ತಪ್ಪಾಗಿರುತ್ತದೆ.

ತಿರಬುಶೋ ಪದವನ್ನು ಕ್ಯಾಟಲನ್ನಿನವರು ಅರ್ಧದಷ್ಟೇ ಬಿಡಿಸಬಲ್ಲರು. ತಿರ ಗೊತ್ತು, ಎಳೆ ಅಂತ. ಬುಶೋ ಎಂಬುದು ಅವರಿಗೆ ಬಿರಡೆ ಅಲ್ಲ, ಅವರ ಬಿರಡೆ ತಾಪ್. ಬೇರೆ ಭಾಷೆಯಿಂದ ಇಡಿಯಾಗಿ ಬಂದ ಸಮಾಸದ ಗುರುತೇ ಇದು. ಬೆಸುಗೆ ಕಾಣುತ್ತದೆ, ಆದರೆ ಒಂದು ಬದಿಯ ತುಂಡು ಮಾತಾಡುವುದಿಲ್ಲ. ಮೂಕ ಪದವಾದ್ದರಿಂದಲೇ ಅದಕ್ಕೆ ಹೊಸ ಅರ್ಥ ಅಂಟಿಕೊಳ್ಳುವುದೂ ಸುಲಭವಾಯಿತು. ಹೆಣ್ಣುಮಕ್ಕಳ ಕೆನ್ನೆಯ ಪಕ್ಕ ಇಳಿಬಿದ್ದ ಸುರುಳಿ ಕೂದಲಿಗೂ ತಿರಬುಶೋ ಎನ್ನುತ್ತಾರೆ. ಲ್ಯೆವತಾಪ್ಸ್ ಪದವನ್ನು ಕೂದಲಿಗೆ ಹಾಗೆ ಹೇಳಲು ಆಗುವುದಿಲ್ಲ. ಬಿರಡೆ ತೆಗೆ ಎಂಬ ಅರ್ಥ ಅದರಲ್ಲಿ ಅಷ್ಟು ಎದ್ದು ಕಾಣುತ್ತದೆ.

ಬಿರಡೆ ಕೊರೆದು ಬದುಕಿದ ನಾಡಿಗೆ ತನ್ನದೇ ತಾಪ್ ಇರುವ ಹೆಸರು ಹೆಚ್ಚು ಒಪ್ಪುತ್ತದೆ ಅನ್ನುವುದು ನನ್ನ ಅಭಿಪ್ರಾಯ. ಎರಡೂ ಪದಗಳು ನಿಘಂಟಿನಲ್ಲಿವೆ, ಎರಡೂ ಶುದ್ಧವೇ. ಇಟಾಲಿಯನ್ನರದು ಕಾವತಾಪ್ಪಿ, ಕ್ಯಾಟಲನ್ನಿನ ಅವಳಿ ಇದ್ದ ಹಾಗೆ. ಸ್ಪ್ಯಾನಿಷಿನವರದು ಸಾಕಾಕೋರ್ಚೋಸ್, ಬೆಂಡು ಕೀಳುವುದು. ಇಂಗ್ಲಿಷ್ ಮಾತ್ರ ಕೆಲಸವನ್ನು ಬಿಟ್ಟು ಆಕಾರ ಹಿಡಿಯಿತು, ಬೆಂಡಿನ ತಿರುಪು ಎಂದಿತು.

ಬರವಣಿಗೆಯ ಒಂದು ಮಾತು. ಲ್ಯೆವತಾಪ್ಸ್ ಪದವನ್ನು ಕೂಡಿಸಿಯೇ ಬರೆಯುತ್ತಾರೆ, ನಡುವೆ ಅಡ್ಡಗೆರೆ ಇಲ್ಲ. ಆದರೆ ಬಿಸಿಲಿನ ಕೊಡೆ ಪರ-ಸೋಲ್, ಸೂರ್ಯಕಾಂತಿ ಜಿರ-ಸೋಲ್, ಬಟ್ಟೆ ತೂಗುಹಾಕುವ ಹ್ಯಾಂಗರ್ ಪೆಂಜ-ರೋಬೆಸ್, ಇವಕ್ಕೆಲ್ಲ ಅಡ್ಡಗೆರೆ ಬೇಕು. ಎರಡು ಸ್ವರಗಳ ನಡುವೆ ಒಂಟಿ ಎಸ್ ಅಕ್ಷರ ಬಂದರೆ ಕ್ಯಾಟಲನ್ನಿನಲ್ಲಿ ಅದನ್ನು ಇಂಗ್ಲಿಷಿನ ಝೆಡ್ ಹಾಗೆ ಓದುತ್ತಾರೆ. ಗೆರೆ ಇಲ್ಲದಿದ್ದರೆ ಓದು ತಪ್ಪುತ್ತದೆ. ಆರ್ ಅಕ್ಷರಕ್ಕೂ ಇಂಥದೇ ತೊಂದರೆ. ಈ ಭಾಷೆಯ ಕಾಗುಣಿತಕ್ಕೆ ಒಂದು ಕಟ್ಟು ಬಂದದ್ದು 1913ರಲ್ಲಿ, ಪೊಂಪೇವ್ ಫಾಬ್ರ ಅವರ ಮುಂದಾಳತ್ವದಲ್ಲಿ. ಪದಮೂಲಗಳ ದೊಡ್ಡ ನಿಘಂಟನ್ನು ಕಟ್ಟಿದವರು ಜುವಾನ್ ಕೊರೊಮಿನೆಸ್. ಸ್ಪೇನಿನ ಅಂತರ್ಯುದ್ಧ ಮುಗಿದಾಗ ದೇಶ ಬಿಟ್ಟು, ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಲೇ ಅದಕ್ಕಾಗಿ ದುಡಿದರು. ಅದರ ಸಂಪುಟಗಳು ಹೊರಬರಲು ಶುರುವಾದದ್ದು 1980ರಲ್ಲಿ. ತಮ್ಮ ಭಾಷೆಗೆ ಸಾರ್ವಜನಿಕ ಜಾಗವೇ ಇಲ್ಲದ ದಶಕಗಳಲ್ಲಿ ಅಷ್ಟು ತಾಳ್ಮೆಯಿಂದ ಒಂದೊಂದೇ ಪದವನ್ನು ಬಿಡಿಸುತ್ತಾ ಕೂತವರನ್ನು ನೆನೆದರೆ ಮನಸ್ಸು ತುಂಬುತ್ತದೆ.

ಇದೇ ಅಚ್ಚಿನ ಇನ್ನೊಂದು ಸಾಧನ ಸ್ಕ್ರೂಡ್ರೈವರ್, ಕ್ಯಾಟಲನ್ನಿನಲ್ಲಿ ತೋರ್ನವೀಸ್. ತೋರ್ನ ಎಂದರೆ ತಿರುಗಿಸು, ವೀಸ್ ಎಂದರೆ ತಿರುಪು. ಇದು ಕೂಡ ಫ್ರೆಂಚಿನ ತೂರ್ನವೀಸ್ ಪದದ ದಾರಿಯಲ್ಲಿ ಬಂದದ್ದು. ವೀಸ್ ಎಂಬುದರ ಮೂಲ ಲ್ಯಾಟಿನ್ನಿನ ವೀತಿಸ್, ದ್ರಾಕ್ಷಿ ಬಳ್ಳಿ. ಬಳ್ಳಿಯ ಕುಡಿ ಆಸರೆಗೆ ಸುತ್ತಿಕೊಳ್ಳುವ ರೀತಿ ನೋಡಿ ತಿರುಪಿಗೆ ಆ ಹೆಸರು ಬಂತು. ಇಟಾಲಿಯನ್ನಿನಲ್ಲಿ ಇವತ್ತಿಗೂ ದ್ರಾಕ್ಷಿ ಬಳ್ಳಿಗೂ ತಿರುಪಿಗೂ ಒಂದೇ ಪದ, ವೀತೆ. ವೈನ್ ಬಾಟಲಿ ತೆರೆಯುವ ಸಾಧನದ ಹೆಸರಿನಲ್ಲಿ ದ್ರಾಕ್ಷಿಯ ಸುಳಿವಿಲ್ಲ, ಕುರ್ಚಿಯ ಕಾಲು ಬಿಗಿಯುವ ಸಾಧನದ ಹೆಸರಿನಲ್ಲಿದೆ.